ಮೂರನೇ ಮಗ್ಗುಲು

ಸಿ.ಟಿ. ಸ್ಕ್ಯಾನ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, "ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಾರೆ. ನಾನೇನೋ ಅಜ್ಜಿ ಕತೆ ಹೇಳುವವಳು ಎಂಬಂತೆ. ಅವರಿಗೆ ಹಳೆಯ ಮೆಷಿನ್ನುಗಳ ಕತೆ ಹೇಳಿ ಕಳಿಸುತ್ತೇನೆ. ಹೇಳಬೇಕಾದ ಸಂಗತಿ ಬೇರೆಯೇ ಇದೆ. ಅದು ಬಾಯಲ್ಲಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ. ಆಸ್ಪತ್ರೆ ವೈಟ್‌ಫೀಲ್ಡ್ ಕಡೆಯದು ಎಂದಷ್ಟೇ ತಿಳಿದರೆ ಸಾಕು.

ನಾನು ಕೆಲಸಕ್ಕೆ ಸೇರಿದಾಗ ದೊಡ್ಡ ಕರುಳನ್ನು ನೋಡಲು ಬೇರಿಯಂ ಏರಿಸುತ್ತಿದ್ದೆವು. ಸುಣ್ಣದ ತಿಳಿಯಂಥ ದ್ರವವನ್ನು ಹಿಂಬದಿಯಿಂದ ತುಂಬಿ, ರೋಗಿಯನ್ನು ಮೇಜಿನ ಮೇಲೆ ಆಚೀಚೆ ಹೊರಳಿಸಿ ಎಕ್ಸ್‌ರೇ ತೆಗೆಯುವುದು. ಅದರಲ್ಲಿ ಅರ್ಧ ನಮ್ಮ ಚಪ್ಪಲಿಯ ಮೇಲೇ ಇರುತ್ತಿತ್ತು. ಆಮೇಲೆ ವರ್ಚುವಲ್ ಕೊಲೊನೋಸ್ಕೋಪಿ ಬಂತು. ಮಾಮೂಲು ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ಉದ್ದ ಕೊಳವೆಯನ್ನು ಕರುಳಿನ ಕೊನೆಯವರೆಗೆ ತೂರಿಸುತ್ತಾರೆ. ನಮ್ಮದರಲ್ಲಿ ಅದಿಲ್ಲ. ಒಂದು ಸಣ್ಣ ನಳಿಕೆ ಇಟ್ಟು ಗಾಳಿ ತುಂಬಿ, ಕರುಳು ಉಬ್ಬಿದ ಮೇಲೆ ಹೊರಗಿನಿಂದಲೇ ಸ್ಕ್ಯಾನ್ ಮಾಡುತ್ತೇವೆ. ಅಂಗಾತ ಒಮ್ಮೆ, ಬೋರಲು ಒಮ್ಮೆ. ಕಂಪ್ಯೂಟರ್ ಆ ಚಿತ್ರಗಳನ್ನೆಲ್ಲ ಜೋಡಿಸಿ, ನಾವೇ ಕರುಳಿನೊಳಗೆ ನಡೆದು ಹೋಗುತ್ತಿರುವಂತೆ ತೋರಿಸುತ್ತದೆ. ಮತ್ತು ಬರಿಸುವ ಮದ್ದು ಬೇಡ. ಟೆಕ್ ಪಾರ್ಕಿನವರು ಬೆಳಿಗ್ಗೆ ಬಂದು ಮಾಡಿಸಿಕೊಂಡು ಮಧ್ಯಾಹ್ನದ ಮೀಟಿಂಗಿಗೆ ಓಡುತ್ತಿದ್ದರು.

ಒಂದು ಕೊರತೆ ಇದೆ. ಇದರಲ್ಲಿ ನೋಡಬಹುದು, ಮುಟ್ಟಲಾಗದು. ಗಂಟೇನಾದರೂ ಕಂಡರೆ ಅದನ್ನು ತೆಗೆಯಲು, ಚೂರು ಕಿತ್ತು ಪರೀಕ್ಷೆಗೆ ಕಳಿಸಲು ಮತ್ತೆ ಆ ಕೊಳವೆಯ ಪರೀಕ್ಷೆಗೇ ಹೋಗಬೇಕು. ಎಷ್ಟು ಬಿಡಿಸಿ ಹೇಳಿದರೂ ಜನ ಈ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕ್ಯಾಮೆರಾ ಒಳಗೆ ಹೋಗುವುದಿಲ್ಲ ಎಂಬುದೊಂದೇ ಅವರಿಗೆ ಕೇಳಿಸುತ್ತಿತ್ತು.

ನನಗೆ ಈ ಕೆಲಸ ಕಲಿಸಿದವರು ಮುನಿರಾಜು ಸಾರ್. ನಮ್ಮ ವಿಭಾಗದ ಹಿರಿಯ ಟೆಕ್ನಿಷಿಯನ್. ಮಹದೇವಪುರದ ಹಿಂದಿನ ಒಂದು ಹಳ್ಳಿಯ ಮೂಲ ನಿವಾಸಿಗಳು ಅವರು. ಆ ಹಳ್ಳಿಯನ್ನು ಈಗ ಹುಡುಕಬೇಕು, ಅಷ್ಟು ಅಪಾರ್ಟ್‌ಮೆಂಟುಗಳು. ಅಣ್ಣತಮ್ಮಂದಿರೆಲ್ಲ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟು ಹಾಯಾಗಿದ್ದರು. "ನಿಂಗ್ಯಾಕ್ಲಾ ಈ ಕತ್ಲೆ ಕೋಣೆ ಚಾಕ್ರಿ?" ಎಂದು ಇವರನ್ನು ರೇಗಿಸುತ್ತಿದ್ದರಂತೆ. ಇವರು ಮಾತ್ರ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು, ಹಣೆಯಲ್ಲಿ ಒಂದು ಚಿಟಿಕೆ ಗುಡಿಯ ಅರಿಶಿನದ ಭಂಡಾರ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ಸಿಟ್ಟು ಬೇಗ, ಮರೆಯುವುದೂ ಬೇಗ.

ಒಮ್ಮೆ ಯಾದಗಿರಿ ಕಡೆಯ ಒಬ್ಬ ಗಾರೆ ಕೆಲಸದವನು ಬಂದಿದ್ದ. ಈ ಪರೀಕ್ಷೆಗೆ ಹಿಂದಿನ ದಿನವೆಲ್ಲ ಬರೀ ತಿಳಿ ನೀರಿನಂಥದ್ದನ್ನು ಕುಡಿದು, ಭೇದಿ ಔಷಧಿ ತೆಗೆದುಕೊಂಡು ಹೊಟ್ಟೆ ಖಾಲಿ ಮಾಡಿಕೊಂಡಿರಬೇಕು. ಇವನ ಚಿತ್ರ ನೋಡಿದರೆ ಕರುಳಿನ ತುಂಬ ಗಂಟೋ ಗಂಟು. ನಾನು ಹೊಸಬಳು, ಎಲ್ಲವೂ ಕಾಯಿಲೆಯೇ ಎಂದುಕೊಂಡೆ. ಮುನಿರಾಜು ಸಾರ್ ಮೈಕಿನಲ್ಲಿ, "ಏನಪ್ಪಾ, ನಿನ್ನೆ ಏನ್ ತಿಂದೆ? ನಿಜ ಏಳು" ಎಂದರು.

"ಏನೂ ತಿಂದಿಲ್ರಿ ಸಾಹೇಬ್ರ. ಬರೇ ಅಂಬ್ಲಿ ಕುಡದೀನ್ರಿ. ನೀರಾಗಿ ಕುಡೀಬೇಕ್ ಅಂದಿದ್ರಲ್ರೀ, ನೀರ್ ಮಾಡ್ಕೊಂಡೇ ಕುಡದೀನಿ."

ಎರಡು ಚೆಂಬು ಅಂಬಲಿ. ಹಿಟ್ಟಿನ ತರಿಯೆಲ್ಲ ಕರುಳಿನಲ್ಲಿ ಅಲ್ಲಲ್ಲಿ ಕೂತಿತ್ತು. ಬೋರಲು ಮಲಗಿಸಿದಾಗ ಅಷ್ಟೂ ಜಾಗ ಬಿಟ್ಟು ಕೆಳಗೆ ಜಾರಿತು. ಮುನಿರಾಜು ಸಾರ್ ಪರದೆಯ ಮೇಲೆ ಬೆರಳಿಟ್ಟು ಹೇಳಿದರು: "ನೋಡಮ್ಮ ಸುಧಾ, ಮಗ್ಗುಲಾದ್ರೆ ಜರುಗೋದು ಕಸ. ಅಂಗೇ ಕಚ್ಕಂಡಿರೋದು ಕಾಯಿಲೆ." ಯಾವುದಾದರೂ ಒಂದು ಕಡೆ ಎರಡು ಸಲದ ಚಿತ್ರದಲ್ಲೂ ಸರಿಯಾಗಿ ತಿಳಿಯದೆ ಹೋದರೆ ಮಾತ್ರ ಮೂರನೇ ಸಲ, ಬಲಮಗ್ಗುಲಿಗೆ ತಿರುಗಿಸಿ ತೆಗೆಯಬೇಕು. ಸುಮ್ಮಸುಮ್ಮನೆ ತೆಗೆಯುವ ಹಾಗಿಲ್ಲ, ಕಿರಣ ಹೆಚ್ಚಾಗುತ್ತದೆ. ಆ ಗಾರೆಯವನನ್ನು ಮುಂದಿನ ವಾರ ಮತ್ತೆ ಕರೆಸಿದೆವು. ಅವನಿಗೆ ಏನೂ ಇರಲಿಲ್ಲ. ಪರೀಕ್ಷೆ ಮುಗಿಸಿ ಕ್ಯಾಂಟೀನಿನಲ್ಲಿ ಅವನು ಇಡ್ಲಿ ತಿಂದ ರಭಸಕ್ಕೆ ನಾವೆಲ್ಲ ನಕ್ಕಿದ್ದೆವು.

ನಗುವಂಥದ್ದು ಅಷ್ಟೇ. ಇನ್ನೊಂದು ಪ್ರಸಂಗ ನಗುವಂಥದ್ದಲ್ಲ. ಪೀಣ್ಯದ ಗಾರ್ಮೆಂಟ್ಸಿನ ಒಬ್ಬ ಹೆಂಗಸು ಪರೀಕ್ಷೆಗೆ ಬಂದಿದ್ದಳು. ಈ ಕೆಲಸದಲ್ಲಿ ಚಿತ್ರ ಮೊದಲು ಕಾಣುವುದು ನಮಗೆ, ಡಾಕ್ಟರಿಗೆ ಆಮೇಲೆ. ಮೇಜಿನಿಂದ ಇಳಿಯುವವರು ಮೊದಲು ಕೇಳುವುದೂ ನಮ್ಮನ್ನೇ. ಅವತ್ತು ಡ್ಯೂಟಿಯಲ್ಲಿದ್ದ ಹುಡುಗ ಪಾಪದವನು, ಅವಳ ಮುಖ ನೋಡಲಾರದೆ "ಏನೂ ಇಲ್ಲಕ್ಕ, ಎಲ್ಲಾ ಕ್ಲೀನಾಗಿದೆ" ಎಂದುಬಿಟ್ಟ. ಡಾಕ್ಟರ್ ನಿಧಾನವಾಗಿ ನೋಡಿದಾಗ ಒಂದು ಮೂಲೆಯಲ್ಲಿ ಗಂಟಿತ್ತು. ಆದರೆ ಅವಳು ರಿಪೋರ್ಟು ತೆಗೆದುಕೊಳ್ಳಲು ಬರಲೇ ಇಲ್ಲ. ಫೋನ್ ಮಾಡಿದರೆ ನಂಬರ್ ಬದಲಾಗಿತ್ತು. ಏನೂ ಇಲ್ಲ ಎಂದ ಮೇಲೆ ಅವಳಾದರೂ ಯಾಕೆ ಬಂದಾಳು? ಮುಂದೆ ಕಾಯಿಲೆ ಬಲಿತು ಬಂದಾಗ ಬಹಳ ತಡವಾಗಿತ್ತು.

ಅವತ್ತು ಮುನಿರಾಜು ಸಾರ್ ನಮ್ಮನ್ನೆಲ್ಲ ನಿಲ್ಲಿಸಿಕೊಂಡರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಮೆಲ್ಲಗೇ ಹೇಳಿದರು: "ಐತೆ ಅಂತಾನೂ ಏಳ್ಬ್ಯಾಡಿ, ಇಲ್ಲ ಅಂತಾನೂ ಏಳ್ಬ್ಯಾಡಿ. ನಮ್ಮಪ್ಪನೇ ಬಂದ್ ಮಲಗಿದ್ರೂ ಡಾಕ್ಟ್ರು ಏಳ್ತಾರೆ ಅನ್ನಿ. ಮುಖಾನೂ ಒಂದೇ ತರ ಇಟ್ಕಳಿ."

ಮುಖ ಒಂದೇ ತರ ಇಟ್ಟುಕೊಳ್ಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಮೆಷಿನ್ ಯಾರು ಬೇಕಾದರೂ ಕಲಿಯಬಹುದು. ಒಳಗೆ ಏನಿದೆಯೆಂದು ಕಂಡ ಮೇಲೂ ಹೊರಗೆ ಬಂದು, ನಳಿಕೆ ತೆಗೆದು, ಬಟ್ಟೆ ಸರಿ ಮಾಡಿ, ಚಪ್ಪಲಿ ಹತ್ತಿರ ತಳ್ಳಿ, "ಈಗ ಹೋಗಿ ಏನಾದರೂ ತಿನ್ನಿ" ಎನ್ನುವುದು ನನಗೆ ಬರಲು ವರ್ಷಗಳೇ ಹಿಡಿದವು. ಬಂದ ಮೇಲೆ ಮನೆಯಲ್ಲೂ ಅದೇ ಮುಖ ಉಳಿದುಬಿಟ್ಟಿತು. "ನಿನ್ನ ಮುಖ ನೋಡಿ ಏನೂ ಗೊತ್ತಾಗಲ್ಲ ಮಾರಾಯ್ತಿ" ಎಂದು ನನ್ನ ಗಂಡ ಈಗಲೂ ಗೊಣಗುತ್ತಾರೆ.

ದೀಪದ ಕೆಳಗೆ ಕತ್ತಲು ಎನ್ನುತ್ತಾರಲ್ಲ, ಹಾಗಾಯಿತು ಮುನಿರಾಜು ಸಾರ್ ಕತೆ. ಮಲದಲ್ಲಿ ರಕ್ತ ಹೋಗುತ್ತಿದ್ದರೆ ತಡ ಮಾಡಬೇಡಿ ಎಂದು ಊರಿಗೆಲ್ಲ ಹೇಳುವವರು ತಮಗೆ ಹೋಗುತ್ತಿದ್ದುದನ್ನು ಮೂಲವ್ಯಾಧಿ ಎಂದುಕೊಂಡು ಹೊಸಕೋಟೆಯ ಯಾರದೋ ನಾಟಿ ಔಷಧಿ ಕುಡಿಯುತ್ತಿದ್ದರು. ಕೋಟು ಸಡಿಲವಾಗಿದ್ದು ನಮ್ಮ ಕಣ್ಣಿಗೆ ಬಿದ್ದ ಮೇಲೆ ನಾನು ಅವರ ಹೆಂಡತಿಗೆ ಫೋನ್ ಮಾಡಿದೆ.

ಗೌರಮ್ಮನವರಿಗೆ ನಾನೆಂದರೆ ಮನೆಮಗಳ ಹಾಗೆ. ಕಾಡುಗೋಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದ ಕಾಲದಿಂದ ನನಗೆ ಸಾರು ಕಳಿಸಿಕೊಟ್ಟವರು. "ನಾ ಏಳಿದ್ರೆ ಕೇಳಕಿಲ್ಲ ಕಣಮ್ಮ. ನೀನೇ ನೋಡು. ನೀನ್ ನೋಡಿ ಏನೂ ಇಲ್ಲ ಅಂದ್ರೆ ನಂಗೆ ನಿದ್ದೆ ಬತ್ತದೆ" ಎಂದರು.

ನಮ್ಮ ರೇಡಿಯಾಲಜಿ ಡಾಕ್ಟರ್ ರೇವತಿ ಮೇಡಂ ನೇರವಾಗಿ ಕೊಳವೆಯ ಪರೀಕ್ಷೆಯನ್ನೇ ಮಾಡಿಸಿ ಎಂದು ಒತ್ತಾಯಿಸಿದರು. ರಕ್ತ ಹೋಗುತ್ತಿರುವವರಿಗೆ ಅದೇ ಸರಿ. ಮುನಿರಾಜು ಸಾರ್ ಒಪ್ಪಲಿಲ್ಲ. ಆ ವಿಭಾಗದಲ್ಲಿದ್ದ ಹುಡುಗರೆಲ್ಲ ಅವರ ಕಣ್ಣೆದುರೇ ಬೆಳೆದವರು, ಅವರ ಮುಂದೆ ಬಟ್ಟೆ ಬಿಚ್ಚಿ ಮಲಗುವುದು ಹೇಗೆ ಎಂಬ ನಾಚಿಕೆ. "ಮೊದ್ಲು ನಮ್ ಮೆಷಿನ್ನಾಗೇ ನೋಡಾಣ" ಎಂದರು. ಏನೂ ಮಾಡಿಸದೆ ಇರುವುದಕ್ಕಿಂತ ಇದಾದರೂ ಆಗಲಿ ಎಂದು ಮೇಡಂ ಸುಮ್ಮನಾದರು.

ಒಬ್ಬ ವಾರ್ಡ್‌ಬಾಯ್ ನಳಿಕೆ ಇಟ್ಟು ಹೊರಗೆ ಹೋದ. ನಾನು ಗಾಜಿನ ಈಚೆ ಕನ್ಸೋಲ್ ರೂಮಿನಲ್ಲಿ, ಪರದೆಯ ಮುಂದೆ ಕೂತೆ. ಅಂಗಾತ ತೆಗೆದೆ. ಬೋರಲು ತೆಗೆದೆ. ಎಡಗಡೆಯ ಕರುಳು ಒಂದು ಕಡೆ ಎರಡು ಸಲವೂ ಉಬ್ಬಲಿಲ್ಲ. ಅದರ ಪಕ್ಕದಲ್ಲಿ ಏನೋ ಇತ್ತು. ಅದು ಕಸವೇ ಇರಲಿ ತಾಯಿ ಎಂದು ಬೇಡಿಕೊಂಡೆ. ನಿಯಮದ ಪ್ರಕಾರ ಬಲಮಗ್ಗುಲಿಗೆ ತಿರುಗಿಸಿ ತೆಗೆಯಬೇಕು. ಮೈಕಿನ ಗುಂಡಿ ಒತ್ತಿ, ಬಿಟ್ಟು, ಮತ್ತೆ ಒತ್ತಿದೆ. ಬೇರೆ ರೋಗಿಗೆ ಇನ್ನೊಂದು ಸಲ ತಿರುಗಿ ಎಂದರೆ ಅದು ಬರೀ ತಿರುಗುವುದು. ಇವರಿಗೆ ಅದರ ಅರ್ಥ ಗೊತ್ತು. ಹೇಳಿಕೊಟ್ಟವರೇ ಅವರು.

"ಸಾರ್, ಬಲಮಗ್ಗುಲಾಗಿ ಸಾರ್" ಎಂದೆ.

ಅವರು ತಕ್ಷಣ ತಿರುಗಲಿಲ್ಲ. ಬೋರಲು ಮಲಗಿದ್ದವರು ಮುಖವನ್ನು ದಿಂಬಿಗೆ ಒತ್ತಿದರು. ಆಮೇಲೆ ಮೇಜಿನ ಅಂಚು ಹಿಡಿದು ತಿರುಗಿದರು. ನನ್ನ ಕಡೆಗೆ ಅವರ ಬೆನ್ನಿತ್ತು. ಸ್ಕ್ಯಾನ್ ಮುಗಿಯಿತು. ಕರುಳು ಈಗ ಉಬ್ಬಿತ್ತು, ಒಳಗಿನದು ಜಾಗ ಬಿಟ್ಟು ಒಂದಿಷ್ಟೂ ಕದಲಿರಲಿಲ್ಲ.

ಒಳಗೆ ಹೋಗಿ ನಳಿಕೆಯ ಗಾಳಿ ನಿಲ್ಲಿಸಿದೆ. ಅವರು ತಿರುಗದೆಯೇ ಕೇಳಿದರು.

"ಜರುಗ್ತಾ?"

ಇಷ್ಟು ವರ್ಷಗಳಾದರೂ ಆ ಒಂದು ಮಾತು ನನ್ನ ಕಿವಿಯಲ್ಲಿದೆ. ಇಲ್ಲ ಎನ್ನಬೇಕಿತ್ತೋ, ಹೌದು ಎಂದು ಸುಳ್ಳಾಡಬೇಕಿತ್ತೋ. ಅವರ ಅಪ್ಪನೇ ಬಂದು ಮಲಗಿದರೂ ಹೇಳಬೇಡಿ ಎಂದವರು ಅವರು.

"ಡಾಕ್ಟ್ರು ಹೇಳ್ತಾರೆ ಸಾರ್" ಎಂದೆ.

"ಚೆನ್ನಾಗ್ ಕಲ್ತಿದ್ದೀಯ ಬಿಡಮ್ಮ" ಎಂದರು. ಆಡಿಕೊಂಡ ಮಾತಲ್ಲ, ನಿಜವಾಗಿಯೇ ಹೊಗಳಿದ್ದು. ನಾನು ಹೊರಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ವಾಪಸು ಬಂದಾಗ ಅವರು ಬಟ್ಟೆ ಹಾಕಿಕೊಂಡು ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತಿದ್ದರು. ಕನ್ಸೋಲ್ ರೂಮಿಗೆ ಬಂದು ತಮ್ಮ ಚಿತ್ರ ತಾವೇ ನೋಡಬಹುದಿತ್ತು, ಯಾರು ಬೇಡ ಅನ್ನುತ್ತಿದ್ದರು? ಬರಲಿಲ್ಲ. ಹೆಸರು ಕರೆಯುವವರೆಗೂ ಅಲ್ಲೇ ಕೂತಿದ್ದರು.

ರೇವತಿ ಮೇಡಂ ಮುಚ್ಚಿಡದೆ ಹೇಳಿದರು. ಗಡ್ಡೆ ಇದೆ, ಇನ್ನೂ ಕರುಳಿನೊಳಗೇ ಇರುವ ಹಾಗೆ ಕಾಣುತ್ತದೆ. ಕೂಡಲೇ ಕೊಳವೆಯ ಪರೀಕ್ಷೆ ಮಾಡಿಸಿ, ಚೂರು ತೆಗೆದು ನೋಡಿ ಆಪರೇಷನ್ ಮಾಡಿಸಿದರೆ ಉಳಿಯುವ ದಾರಿ ಇದೆ. ಕೆಲವು ತಿಂಗಳು ಹೊಟ್ಟೆಯ ಮೇಲೆ ಮಲದ ಚೀಲ ಇಟ್ಟುಕೊಳ್ಳಬೇಕಾಗಿ ಬರಬಹುದು. ಮುನಿರಾಜು ಸಾರ್ ಎಲ್ಲಕ್ಕೂ ತಲೆಯಾಡಿಸಿದರು. ಪೀಣ್ಯದಲ್ಲಿ ತಂಗಿಯ ಮನೆಯಿದೆ, ಅಲ್ಲಿಯೇ ಹತ್ತಿರದ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳುತ್ತೇನೆ ಎಂದರು. "ಗೌರಿಗೆ ನಾನೇ ಏಳ್ತೀನಿ, ನೀವ್ಯಾರೂ ಏಳ್ಬ್ಯಾಡಿ" ಎಂದು ದೀರ್ಘ ರಜೆ ಬರೆದುಕೊಟ್ಟರು. ನಾವು ಫೋನ್ ಮಾಡಿದಾಗಲೆಲ್ಲ, "ಟ್ರೀಟ್ಮೆಂಟ್ ನಡೀತೈತೆ ಕಣಮ್ಮ, ಪರವಾಗಿಲ್ಲ" ಎನ್ನುತ್ತಿದ್ದರು. ಮನೆಗೆ ಬರುತ್ತೇನೆ ಎಂದರೆ ಈಗ ಬೇಡ ಎನ್ನುತ್ತಿದ್ದರು. ನಂಬಿದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವರನ್ನು ನಮ್ಮ ಆಸ್ಪತ್ರೆಗೇ ಆಂಬುಲೆನ್ಸಿನಲ್ಲಿ ತಂದರು. ಕರುಳು ಪೂರ್ತಿ ಕಟ್ಟಿಕೊಂಡಿತ್ತು. ಹೊಟ್ಟೆ ತೆರೆದ ಸರ್ಜನ್, ಎಲ್ಲ ಕಡೆ ಹರಡಿದೆ ಎಂದರು. ಕೊಳವೆಯ ಪರೀಕ್ಷೆಯೂ ಆಗಿರಲಿಲ್ಲ, ಚಿಕಿತ್ಸೆಯೂ ಆಗಿರಲಿಲ್ಲ. ಯಾವ ಚೀಲ ಬೇಡವೆಂದು ಓಡಿ ಹೋಗಿದ್ದರೋ ಅದೇ ಚೀಲ ಹೊಟ್ಟೆಗೆ ಬಂದಿತ್ತು.

ವಾರ್ಡಿನಲ್ಲಿ ಗೌರಮ್ಮ ಕಾಫಿ ತರಲು ಹೋಗಿದ್ದಾಗ ಅವರು ನನಗೆ ಎಲ್ಲವನ್ನೂ ಹೇಳಿದರು. ಅವರ ಹಳ್ಳಿಯ ಅಮ್ಮನ ಗುಡಿ ಈಗ ಒಂದು ಟೆಕ್ ಪಾರ್ಕಿನ ಕಾಂಪೌಂಡಿಗೆ ಅಂಟಿಕೊಂಡಿದೆ. ಪೂಜೆಯ ಹಕ್ಕು ಇವರ ವಂಶದ್ದು, ದಾಯಾದಿಗಳಲ್ಲಿ ವರ್ಷಕ್ಕೊಬ್ಬರ ಸರದಿ. ಅವರ ತಂದೆ ತಮ್ಮ ಸರದಿ ಬರುವ ಮೊದಲೇ ತೀರಿಕೊಂಡಿದ್ದರು. ಆ ವರ್ಷ ಸರದಿ ಇವರದಾಗಿತ್ತು. ದಿನಾ ಬೆಳಿಗ್ಗೆ ಬಾಗಿಲು ತೆಗೆದು ಅಮ್ಮನ ಮೈ ತೊಳೆದು ಅಲಂಕಾರ ಮಾಡಿ ಡ್ಯೂಟಿಗೆ ಬರುತ್ತಿದ್ದರು. ಹಣೆಯ ಭಂಡಾರ ಮೊದಲಿನಿಂದಲೂ ಆ ಗುಡಿಯದೇ. ನಮಗ್ಯಾರಿಗೂ ಈ ಸರದಿಯ ವಿಷಯ ಗೊತ್ತಿರಲಿಲ್ಲ. ರಜೆ ಹಾಕಿದ ಮೇಲೂ ಪೀಣ್ಯಕ್ಕೆ ಹೋಗದೆ ಆ ಪೂಜೆಯನ್ನೇ ನಡೆಸಿದ್ದರು.

"ಮಲದ್ ಚೀಲ ಕಟ್ಕಂಡು ಅಮ್ಮನ್ನ ಮುಟ್ಟಾದಾ? ದಾಯಾದಿಗಳು ಬಿಡ್ತಿದ್ರಾ? ಬರೋ ಉಗಾದಿಗೆ ಸರದಿ ಮುಗೀತಿತ್ತು. ಅದ್ ಮುಗಿಸ್ಕಂಡು ಮಾಡಿಸ್ಕಂಡ್ರಾಯ್ತು ಅಂದ್ಕಂಡೆ" ಎಂದರು. ನಾನು ಅವರ ದಿಂಬು ಎತ್ತರಿಸಿ ಇಟ್ಟೆ. ಸ್ವಲ್ಪ ಸುಧಾರಿಸಿಕೊಂಡು ಹೇಳಿದರು: "ಗೌರಿ ಬಿಡ್ತಿರ್ನಿಲ್ಲ. ಅದಕ್ಕೇ ಅವಳಿಗೆ, ಸುಧಾನೇ ನೋಡಿದ್ಲು, ಏನೂ ಇಲ್ಲ ಅಂದ್ಲು ಅಂತ ಏಳ್ಬುಟ್ಟೆ. ನಿನ್ ಎಸ್ರು ಏಳಿದ್ರೆ ಮಾತ್ರ ನಂಬ್ತಾಳೆ. ಬೇಜಾರ್ ಮಾಡ್ಕಬ್ಯಾಡ."

ಬೇಜಾರಲ್ಲ, ಸಿಟ್ಟು ನೆತ್ತಿಗೇರಿತು. ಅವರ ಮಾತಿಗೆ ಕಟ್ಟುಬಿದ್ದು ನಾನು ಅವರಿಗೇ ಹೇಳದ ಮಾತನ್ನು, ನನ್ನ ಬಾಯಲ್ಲಿ ಇಟ್ಟು ಮನೆಯಲ್ಲಿ ಹೇಳಿದ್ದರು. ಬೈಯಬೇಕೆಂದು ಬಾಯಿ ತೆರೆದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು, ಮುಖದಲ್ಲಿ ಮೂಳೆಗಳಷ್ಟೇ ಉಳಿದಿದ್ದವು. ಹೊದಿಕೆ ಸರಿ ಮಾಡಿ ಹೊರಗೆ ಬಂದೆ. ಆ ವಾರವೇ ಹೋಗಿಬಿಟ್ಟರು.

ತಿಥಿಯ ದಿನ ಅವರ ಮನೆಗೆ ಹೋದೆ. ಶಾಮಿಯಾನ ಹಾಕಿದ್ದರು, ದಾಯಾದಿಗಳೆಲ್ಲ ಸಾಲಾಗಿ ಊಟಕ್ಕೆ ಕೂತಿದ್ದರು. ಗೌರಮ್ಮ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. ಕೈ ಬಿಡದೆ ಕೇಳಿದರು.

"ನೀನೇ ನೋಡಿ ಏನೂ ಇಲ್ಲ ಅಂದ್ಯಂತಲ್ಲಮ್ಮ. ಆಗ ಇರ್ನಿಲ್ವಾ? ಇಲ್ಲ, ನಿಂಗೆ ಕಾಣ್ನಿಲ್ವಾ?"

ನಿಜ ಹೇಳುವುದು ಸುಲಭವಿತ್ತು. ರಿಪೋರ್ಟಿತ್ತು, ಡಾಕ್ಟರಿದ್ದರು. ಆದರೆ ನಿಜ ಎಂದರೆ ಏನು? ನಿಮ್ಮ ಗಂಡನಿಗೆ ಎಲ್ಲ ಗೊತ್ತಿತ್ತು, ನಿಮ್ಮ ಜೊತೆ ಬದುಕುವುದಕ್ಕಿಂತ ಗುಡಿಯ ಸರದಿ ಮುಗಿಸುವುದು ದೊಡ್ಡದೆಂದುಕೊಂಡರು, ಅಷ್ಟೂ ತಿಂಗಳು ನಿಮ್ಮೆದುರು ಕೂತು ಸುಳ್ಳು ಹೇಳಿದರು ಎಂದು ಹೇಳಬೇಕು. ಅವರು ಸುಖವಾಗಿ ನಿದ್ದೆ ಮಾಡಿದ ಆ ತಿಂಗಳುಗಳನ್ನೆಲ್ಲ ಕಿತ್ತುಕೊಳ್ಳಬೇಕು. ನನಗೆ ಕೈ ಬರಲಿಲ್ಲ.

"ನನಗೆ ಕಾಣಲಿಲ್ಲಮ್ಮ" ಎಂದೆ.

ಗೌರಮ್ಮ ನನ್ನ ಕೈ ಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು. ಈಗ ಶಪಿಸುತ್ತಾರೆ, ಶಪಿಸಲಿ ಎಂದು ತಲೆತಗ್ಗಿಸಿ ಕೂತಿದ್ದೆ. "ಓಗ್ಲಿ ಬಿಡು. ನೀನೇನ್ ಬೇಕಂತ ಮಾಡ್ದಾ? ಎದ್ದು ಊಟ ಮಾಡು" ಎಂದರು. ತಾವೇ ಎಲೆ ಹಾಕಿ ಬಡಿಸಿದರು. ಮಾಡದ ತಪ್ಪಿಗೆ ಕ್ಷಮೆ ಸಿಕ್ಕ ಊಟ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವತ್ತು ತಿಳಿಯಿತು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಅಪ್ಪನಿಗೆ ಈ ಕಾಯಿಲೆ ಬಂದಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಅವರ ಒಬ್ಬನೇ ಮಗ ಹರೀಶ ಎಲೆಕ್ಟ್ರಾನಿಕ್ ಸಿಟಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಪರೀಕ್ಷೆ ಮಾಡಿಸಿಕೋ ಎಂದು ಎಷ್ಟೋ ಸಲ ಹೇಳಿದೆ. ಕೊನೆಗೊಂದು ದಿನ ಅವನು ಫೋನಿನಲ್ಲಿ ಸಿಡುಕಿಬಿಟ್ಟ.

"ಸುಮ್ನಿರಕ್ಕ. ನಮ್ಮಪ್ಪನ ಹೊಟ್ಟೇಲೇ ಕಾಣ್ದೆ ಇದ್ದಿದ್ದು ನನ್ ಹೊಟ್ಟೇಲಿ ಕಾಣತ್ತಾ? ಆ ಮೆಷಿನ್ ನಂಬ್ಕೊಂಡೇ ಅಲ್ವಾ ನಮ್ಮಪ್ಪ ಹೋಗಿದ್ದು?"

ಒಂದು ಸುಳ್ಳನ್ನು ಕಾಪಾಡಲು ಹೋಗಿ ಅವರ ಮಗನನ್ನೂ ಕಳೆದುಕೊಳ್ಳುತ್ತೇನೇನೋ ಎಂದು ಹೆದರಿದೆ. ಮಾರನೇ ದಿನ ಅವರ ಮನೆಗೇ ಹೋದೆ. ಗೌರಮ್ಮ, ಹರೀಶ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೆ. ಬಸ್ಸಿನಲ್ಲಿ ನಿಜ ಹೇಳಿಬಿಡುವುದೆಂದೇ ನಿರ್ಧಾರ ಮಾಡಿದ್ದೆ. ಎದುರಿಗೆ ಗೋಡೆಯ ಮೇಲೆ ಮುನಿರಾಜು ಸಾರ್ ಫೋಟೋ, ಅದರ ಕೆಳಗೆ ಗೌರಮ್ಮ. ಬಾಯಿಗೆ ಬಂದ ಮಾತು ಬೇರೆಯೇ.

"ನನ್ನ ಮೆಷಿನ್ ನಂಬಬೇಡಪ್ಪ. ನನ್ನ ಕಣ್ಣನ್ನೂ ನಂಬಬೇಡ. ನೇರವಾಗಿ ಕ್ಯಾಮೆರಾ ಹಾಕೋ ಪರೀಕ್ಷೆನೇ ಮಾಡಿಸು. ನಾನೇ ಜೊತೆಗೆ ಬರ್ತೀನಿ."

ಅವನಂಥವರಿಗೆ ಆ ಪರೀಕ್ಷೆಯೇ ಸರಿಯೆಂಬುದು ನಿಜ. ಆದರೂ ಆ ಮಾತು ಆಡುವಾಗ ಗೋಡೆಯ ಫೋಟೋ ಕಡೆ ನೋಡಲಿಲ್ಲ. ಆ ಮೆಷಿನ್ ಅವರಪ್ಪನಿಗೆ ಸುಳ್ಳು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಹರೀಶ ಒಪ್ಪಿದ. ಪರೀಕ್ಷೆಯಲ್ಲಿ ಅವನಿಗೆ ಎರಡು ಸಣ್ಣ ಗಂಟುಗಳು ಸಿಕ್ಕವು, ಇನ್ನೂ ಕಾಯಿಲೆಗೆ ತಿರುಗದವು. ಅಲ್ಲೇ ಕತ್ತರಿಸಿ ತೆಗೆದರು. ಈಗ ಚೆನ್ನಾಗಿದ್ದಾನೆ.

ಗೌರಮ್ಮ ಕಳೆದ ವರ್ಷ ತೀರಿಕೊಂಡರು. ಆಮೇಲೆ ಹರೀಶನಿಗೆ ಎಲ್ಲವನ್ನೂ ಹೇಳಿದೆ. ಇದನ್ನೆಲ್ಲ ಬರೆಯಕ್ಕ ಎಂದವನು ಅವನೇ. ಹೊಸದಾಗಿ ಸೇರುವ ನಿಮಗೆ ನಾನು ಹೇಳುವುದಿಷ್ಟೇ: ಈ ಕೆಲಸದಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಿರಿ. ಆದರೆ ಮುಚ್ಚಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ಅಂದುಕೊಳ್ಳಬೇಡಿ.

ಹರೀಶನ ಪರೀಕ್ಷೆ ಮುಗಿದ ದಿನ ಆ ವಿಭಾಗದ ಬಾಗಿಲಲ್ಲಿ ಗೌರಮ್ಮ ನಿಂತಿದ್ದರು. ಡಾಕ್ಟರು ಬಂದು ಗಂಟು ತೆಗೆದದ್ದನ್ನು ಹೇಳಿದಾಗ ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನನಗೆ ನೋವಾಗದಂತೆ ಮೆಲ್ಲಗೆ ಅಂದರು.

"ನೋಡ್ದಾ ಸುಧಾ, ಇವ್ರ ಕಣ್ಣಿಗೆ ಎಂಗ್ ಕಾಣ್ತು. ಅವತ್ತೂ ಇವ್ರೇ ನೋಡಿದ್ರೆ ನಮ್ಮೆಜಮಾನ್ರು ಇರ್ತಿದ್ರು."

"ಹೌದಮ್ಮ," ಎಂದೆ, "ಇರ್ತಿದ್ರು."